ಪಕ್ಕದ ಸೀಟಿನ ಸಂಬಳ

ಸನ್ಮಾನದ ಶಾಲನ್ನು ಏನು ಮಾಡಬೇಕೆಂಬುದು ನಮ್ಮವರಲ್ಲಿ ಈವರೆಗೂ ಬಗೆಹರಿಯದ ಪ್ರಶ್ನೆ. ಹೊದೆಯೋಣವೆಂದರೆ ತೆಳು, ಹಾಸೋಣವೆಂದರೆ ಗಿಡ್ಡ, ಕೊರಳಿಗೆ ಸುತ್ತಿಕೊಳ್ಳೋಣವೆಂದರೆ ಜರಿ ಕೆರೆಯುತ್ತದೆ, ಯಾರಿಗಾದರೂ ದಾಟಿಸೋಣವೆಂದರೆ ಅವರ ಬೀರುವಿನಲ್ಲೂ ಅಂಥವೇ ಮಡಿಸಿಕೊಂಡು ಕೂತಿರುತ್ತವೆ. ಬಾಗಿಲು ತೆರೆದರೆ ಕಿವಿ ಕಿತ್ತುಹೋಗುವಂತೆ ಗಾಳಿ ಬೀಸುವ, ಡಚ್ಚರ ನಾಡಿನ ಈ ನ್ಯೂವೆಗೈನ್ ಊರಿನಲ್ಲಂತೂ ಅದಕ್ಕೆ ಯಾವ ಕೆಲಸವೂ ಇಲ್ಲ. ನಮ್ಮ ಮನೆಯ ಸೋಫಾದ ಬೆನ್ನಿನ ಮೇಲೆ ಕಳೆದ ನವೆಂಬರಿನಿಂದ ಅಂಥದೊಂದು ಕೆಂಪು ಶಾಲು ಬಿದ್ದುಕೊಂಡು, ಸೋಫಾದ ಬಿಚ್ಚಿದ ಹೊಲಿಗೆಯನ್ನು ನಿಷ್ಠೆಯಿಂದ ಮುಚ್ಚುತ್ತಿದೆ. ಈ ಬಡಪಾಯಿ ಬಟ್ಟೆ ಒಂದು ಸಭೆಯ ತುಂಬ ಕೂತಿದ್ದ ತಿಳಿವಳಿಕಸ್ಥರನ್ನು ಪೇಚಿಗೆ ಸಿಕ್ಕಿಸಿತೆಂದರೆ ನೀವು ನಂಬಲಿಕ್ಕಿಲ್ಲ. ನಂಬುವಂತೆ ಹೇಳುವಷ್ಟು ಉತ್ಸಾಹ ನನ್ನಲ್ಲೂ ಉಳಿದಿಲ್ಲ, ಆದರೂ ಹೇಳುತ್ತೇನೆ.

ನಾನು ಮೈಸೂರಿನವನು, ಐವತ್ತು ದಾಟಿದವನು, ವಾರದ ದಿನಗಳಲ್ಲಿ ಇಲ್ಲಿನ ಕಚೇರಿಗಳ ಬಡಾವಣೆಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವವನು. ಶನಿವಾರ ಮಾತ್ರ ಬೇರೆಯವರ ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಕೂರುತ್ತೇನೆ. ಈಗಾಗಲೇ ಲೈಸೆನ್ಸ್ ಇರುವವರು ಇನ್ನಷ್ಟು ಚೆನ್ನಾಗಿ, ಧೈರ್ಯವಾಗಿ ಕಾರು ಓಡಿಸಲೆಂದು ಸ್ವಯಂಸೇವಕರು ನಡೆಸುವ ಒಂದು ಸಂಘ ಇಲ್ಲಿದೆ. ಅಲ್ಲಿ ತರಬೇತಿ ಪಡೆದು ನಾನೂ ಒಬ್ಬ ಕೋಚ್ ಆಗಿದ್ದೇನೆ. ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಸರ್ಕಾರದ ಪ್ರಮಾಣಪತ್ರ ಇರುತ್ತದೆ, ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ, ತಿಂಗಳ ಕೊನೆಗೆ ಸಂಪಾದನೆಯೂ ಇರುತ್ತದೆ. ನಮಗೆ ಈ ಮೂರೂ ಇಲ್ಲ. ಅವರ ಕಾರು, ಅವರ ಪೆಟ್ರೋಲು, ನಮ್ಮದು ಬರೀ ಬಾಯಿ.

ನಮ್ಮ ಜನಕ್ಕೆ ಈ ಬಾಯಿಯ ಅಗತ್ಯ ಬೀಳುವುದಕ್ಕೆ ಒಂದು ಸೊಗಸಾದ ಕಾರಣವಿದೆ. ಹೊರದೇಶದಿಂದ ಕೆಲಸಕ್ಕೆ ಕರೆಸಿಕೊಂಡ ಕೆಲವರಿಗೆ, ಅವರ ಮನೆಯವರಿಗೆ, ಈ ದೇಶ ಒಂದು ಔದಾರ್ಯ ತೋರಿಸುತ್ತದೆ. ಊರಿನ ಲೈಸೆನ್ಸನ್ನು ಗೆಮೀಂಟೆ ಎನ್ನುವ ನಗರಸಭೆಯ ಕಚೇರಿಯ ಕಿಟಕಿಯಲ್ಲಿ ಕೊಟ್ಟರೆ, ಪರೀಕ್ಷೆಯ ಗೋಜಿಲ್ಲದೆ, ಕೆಲ ದಿನಗಳಲ್ಲಿ ಇಲ್ಲಿನ ಗುಲಾಬಿ ಬಣ್ಣದ ಕಾರ್ಡು ಕೈಗೆ ಬರುತ್ತದೆ. ಕಾರ್ಡು ಬಂತು, ಸರಿ. ರಸ್ತೆಯ ಬಲಬದಿ ಬಂತೇ? ಸಂಜೆಯ ಹೊತ್ತು ಬೆನ್ನಿನ ಹಿಂದಿನಿಂದ ಸದ್ದಿಲ್ಲದೆ ಹರಿದು ಬರುವ ಸೈಕಲ್ ಸಾಲಿನ ಅಭ್ಯಾಸ ಬಂತೇ? ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಟ್ರಾಮಿನಲ್ಲಿ ಓಡಾಡುವ ಕನ್ನಡಿಗರನ್ನು ಎಷ್ಟು ಬೇಕಾದರೂ ತೋರಿಸಬಲ್ಲೆ. ಕಾನೂನಿನ ಕಣ್ಣಿಗೆ ಅವರು ಚಾಲಕರು, ಅವರ ಕಣ್ಣಿಗೆ ಅವರು ಪ್ರಯಾಣಿಕರು.

ಸುವರ್ಣಾ ಅಂಥವರಲ್ಲೊಬ್ಬರು. ಗದಗಿನ ಕಡೆಯವರು, ಸಸ್ಯರೋಗಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ, ದ ಹೇಗ್‌ನಲ್ಲಿರುವ ಬೀಜದ ಕಂಪನಿಯೊಂದರಲ್ಲಿ ಟೊಮೇಟೊ ಗಿಡಗಳ ಎಲೆ ಏಕೆ ಮುರುಟುತ್ತದೆಂದು ಪತ್ತೆಹಚ್ಚುವ ಕೆಲಸ. ಪ್ರಯೋಗಾಲಯದಲ್ಲಿ ಕೂತಿರುವವರೆಗೆ ರೈಲು ಸಾಕಾಗಿತ್ತು. ಆದರೆ ಹೊಸ ವರ್ಷದಿಂದ ಊರಾಚೆಯ ಗಾಜಿನ ಮನೆಗಳಿಗೆ ಬೆಳಗಿನ ಹೊತ್ತೇ ಹೋಗಿ ಗಿಡಗಳನ್ನು ನೋಡಬೇಕು, ಜನವರಿಯ ಮೊದಲ ಸೋಮವಾರ ನೀವೇ ಕಾರು ತೆಗೆದುಕೊಂಡು ಬಂದು ಕೆಲಸ ಶುರುಮಾಡಿದರೆ ಒಪ್ಪಂದ ಮುಂದುವರಿಯುತ್ತದೆ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಧಿಕಾರಿ ನಯವಾಗಿಯೇ ಹೇಳಿದ್ದರು. ಈ ದೇಶದಲ್ಲಿ ಅವರ ಸಂಸಾರ ಇರಲು ಬೇಕಾದ ಪರ್ಮಿಟ್ಟು ತೂಗುಬಿದ್ದಿದ್ದೂ ಆ ಕೆಲಸಕ್ಕೇ. ಗಂಡ ಮಲ್ಲಿಕಾರ್ಜುನ ಮನೆಯಿಂದಲೇ ಸಣ್ಣಪುಟ್ಟ ವಿನ್ಯಾಸದ ಕೆಲಸ ಮಾಡುವ ಎಂಜಿನಿಯರು, ಕಾರು ಓಡಿಸಲು ಬಾರದು, ಕಲಿಯುವ ಆಸೆಯೂ ಇಲ್ಲ. ಡ್ರೈವಿಂಗ್ ಶಾಲೆಗೂ ಸುವರ್ಣಾ ಹೋಗಿಬಂದಿದ್ದರು. ಅಲ್ಲಿನ ಮೇಷ್ಟ್ರು ಇವರು ಯೋಚಿಸುವ ಮೊದಲೇ ತನ್ನ ಬ್ರೇಕು ಒತ್ತಿಬಿಡುತ್ತಿದ್ದನಂತೆ. "ಅಂವಾ ಹೊಡದಾನೋ ನಾ ಹೊಡದೇನೋ ಒಂದೂ ತಿಳೀಲಿಲ್ಲ ನೋಡ್ರಿ ಸರ" ಎಂದು ಹೇಳಿಕೊಂಡೇ ನನ್ನ ಬಳಿ ಬಂದರು.

ಸುವರ್ಣಾ ಕೆಟ್ಟ ಚಾಲಕಿಯಲ್ಲ. ಕನ್ನಡಿ ನೋಡುತ್ತಾರೆ, ವೇಗ ತಿಳಿಯುತ್ತದೆ, ಸೈಕಲ್ಲಿನವರನ್ನು ಕಂಡರೆ ಗೌರವವಿದೆ. ತೊಂದರೆಯಿದ್ದದ್ದು ಒಂದೇ ಕಡೆ. ಹೆದ್ದಾರಿಗೆ ಸೇರುವ ಆ ಉದ್ದನೆಯ ಓರೆದಾರಿಯಲ್ಲಿ, ಎಡಗಡೆ ಲಾರಿಗಳ ಗೋಡೆ ಸರಿಯುತ್ತಿರುವಾಗ, ನಡುವೆ ಒಂದು ಸಂದು ಸಿಕ್ಕರೂ ಅವರು ನುಗ್ಗುತ್ತಿರಲಿಲ್ಲ, ಕಣ್ಣು ರಸ್ತೆಯ ಮೇಲಿದ್ದರೂ ಕತ್ತು ನನ್ನ ಕಡೆ ಸ್ವಲ್ಪ ವಾಲಿಸಿ, "ಹೋಗ್ಲೇನ್ರಿ?" ಎನ್ನುತ್ತಿದ್ದರು. ನಾನು "ಹೋಗಿ" ಎನ್ನುತ್ತಿದ್ದೆ. ಕಾರು ಲಕ್ಷಣವಾಗಿ ಹೋಗಿ ಸೇರಿಕೊಳ್ಳುತ್ತಿತ್ತು. ಹಿರಿಯರನ್ನು ಒಂದು ಮಾತು ಕೇಳಿ ಹೊರಡುವ ಮನೆಯಲ್ಲಿ ಬೆಳೆದವರಿಗೆ ಅದು ಸಹಜವಾದ ನಡವಳಿಕೆ. ಬಾಗಿಲಲ್ಲಿ ನಿಂತು "ಬರ್ತೀನಿ" ಎಂದು ಹೇಳಿ ಒಳಗಿನಿಂದ "ಹೂಂ" ಕೇಳಿದ ಮೇಲೆಯೇ ಚಪ್ಪಲಿ ಮೆಟ್ಟುವ ಅಭ್ಯಾಸ ನನಗೂ ಇದೆ. ಶರತ್ಕಾಲವಿಡೀ ಶನಿವಾರ ಶನಿವಾರ ಹೀಗೆಯೇ ನಡೆಯಿತು, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದವರು ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡಿದರು. ಬಿಸಿಬೇಳೆಬಾತು ತಣ್ಣಗಾಗುವ ಮೊದಲು ಕಾರ್ಯಕ್ರಮ ಮುಗಿಯಲೆಂದು ಹಾರೈಸುತ್ತ ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನನ್ನು ಯಾರೋ ತೋಳು ಹಿಡಿದು ವೇದಿಕೆಗೆ ಎಳೆದೊಯ್ದರು. ಮೈಸೂರು ಪೇಟ, ಏಲಕ್ಕಿ ಹಾರ, ಕೆಂಪು ಶಾಲು, ನಡುವೆ ಅನಾನಸು ನಿಲ್ಲಿಸಿ ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಯಾವುದಕ್ಕೂ ಕಡಿಮೆಯಿರಲಿಲ್ಲ. ಹಿಂದಿನ ಪರದೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ದಪ್ಪಕ್ಷರದ ಇಂಗ್ಲಿಷಿನಲ್ಲಿ 'ನಮ್ಮ ಹೆಮ್ಮೆಯ ಡ್ರೈವಿಂಗ್ ಇನ್‌ಸ್ಟ್ರಕ್ಟರ್'. ಸಂಘದ ಸಮಿತಿಯ ಬೆನ್ನು ಹತ್ತಿ ಇದನ್ನು ಮಾಡಿಸಿದ್ದು ಸುವರ್ಣಾ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರೂ ಅವರೇ. ಪೇಟ ನನ್ನ ಹುಬ್ಬಿನವರೆಗೆ ಜಾರಿತ್ತು. ಫೋಟೋ ಅದೇ ಸಂಜೆ ಊರಿಗೆಲ್ಲ ಹಂಚಿಹೋಯಿತು.

ಹಂಚಿಹೋದದ್ದು ಹತ್ತಿರದ ಡ್ರೈವಿಂಗ್ ಶಾಲೆಯೊಂದರ ಮಾಲೀಕನ ಕಣ್ಣಿಗೂ ಬಿತ್ತು. ಆತ ನಮ್ಮ ಕೋಚ್ ಸಂಘಕ್ಕೆ ಫೋನ್ ಮಾಡಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಪ್ರತಿಫಲ ಪಡೆದು ಡ್ರೈವಿಂಗ್ ಕಲಿಸಬೇಕಾದರೆ ಪ್ರಮಾಣಪತ್ರ ಬೇಕೆಂದು ನಮಗೆ ಕಾನೂನು ಹೇಳುತ್ತದಲ್ಲ, ಹಾಗಾದರೆ ತಲೆಯ ಮೇಲೆ ಕಿರೀಟ ಇಟ್ಟುಕೊಂಡಿರುವ ಈ ಮನುಷ್ಯ ಯಾರು? ಸಂಘದ ಕಾರ್ಯದರ್ಶಿ ಹೆಂಕ್ ಸಭೆ ಕರೆದರು. ಆತ ನಿವೃತ್ತ ಗಣಿತದ ಮೇಷ್ಟ್ರು, ಎತ್ತರದ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರದವರು, ಹಾಗೆಯೇ ಒಂದು ಪ್ರಶ್ನೆ ಎದ್ದರೆ ಅದನ್ನು ಅರ್ಧಕ್ಕೆ ಬಿಡಲಾರದವರು. ನನ್ನ ಫೋಟೋವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಬಹಳ ಸಂಕೋಚದಿಂದ, "ಈ ಟೋಪಿಯ ಬೆಲೆ ಎಷ್ಟಿರಬಹುದು?" ಎಂದು ಕೇಳಿದರು.

ನಾನು ವಿವರಿಸಲು ಹೊರಟೆ. ನಮ್ಮಲ್ಲಿ ಸನ್ಮಾನವೆಂದರೆ ಕೂಲಿಯಲ್ಲ. ಕೂಲಿ ಸಿಕ್ಕವನಿಗೆ ಯಾರೂ ಸನ್ಮಾನ ಮಾಡುವುದಿಲ್ಲ. ಸಂಭಾವನೆ ಕೊಡಲಾಗದ ಹಾಡುಗಾರನಿಗೆ, ಉಪನ್ಯಾಸಕನಿಗೆ, ಪುಕ್ಕಟೆ ದುಡಿದು ಸವೆದವನಿಗೆ ಅದರ ಬದಲಾಗಿ ಶಾಲು ಹೊದಿಸಿ ಕಳಿಸುತ್ತೇವೆ. ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆನೆಂದು ನನಗೇ ಹೊಳೆಯಿತು. ಹೆಂಕ್ ಕನ್ನಡಕ ತೆಗೆದು ಒರೆಸಿಕೊಂಡು, "ಅಂದರೆ ಹಣದ ಬದಲಾಗಿ ಕೊಡುವುದು ಎಂದಾಯಿತಲ್ಲ" ಎಂದರು. ಸದಸ್ಯರೊಬ್ಬರ ಪರಿಚಯದ ವಕೀಲೆ ಬಂದಿದ್ದರು. ಲೈಸೆನ್ಸ್ ಇರುವವರಿಗೆ ಏನನ್ನೂ ಪಡೆಯದೆ ಸಲಹೆ ಕೊಟ್ಟರೆ ಬಹುಶಃ ಅಡ್ಡಿಯಿಲ್ಲ, ಆದರೆ ಏನನ್ನೂ ಪಡೆಯಲಿಲ್ಲ ಎಂದು ಯಾವಾಗ ಹೇಳಬಹುದೆನ್ನುವುದು ಕಷ್ಟದ ಪ್ರಶ್ನೆ, ಪೆಟ್ರೋಲಿನ ಖರ್ಚು ಕೊಟ್ಟರೆ ಏನು, ಊಟ ಹಾಕಿದರೆ ಏನು, ಮತ್ತೆ ಮತ್ತೆ ಹಾಕಿದರೆ ಏನು, ಖಚಿತವಾಗಿ ನಾನು ಹೇಳಲಾರೆ, ಸಂಬಂಧಪಟ್ಟವರನ್ನು ಕೇಳಿ ಎಂದರು. ಉತ್ತರ ಬರುವವರೆಗೆ ಕೋಚುಗಳೆಲ್ಲ ಕೆಲಸ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಆ ಸಂಜೆ ಸೈಕಲ್ ತುಳಿದುಕೊಂಡು ಮನೆಗೆ ಬರುವಾಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸುಸ್ತಾಯಿತು. ಈ ವಯಸ್ಸಿನಲ್ಲಿ ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ಪ್ರತಿಫಲ ಎಲ್ಲಿ ಶುರುವಾಗುತ್ತದೆ, ನೀವೇ ಹೇಳಿ. ಸುವರ್ಣಾ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅದು ಶುರುವಾಯಿತೇ? ಆ ಬಟ್ಟೆಯನ್ನು ಬರಿದಾಗಿ ಕಳಿಸಬಾರದೆಂದು ನನ್ನ ಹೆಂಡತಿ ನಳಿನಿ ಅದರಲ್ಲಿ ಕೋಡುಬಳೆ ಕಟ್ಟಿ ಕಳಿಸುತ್ತಿದ್ದಳಲ್ಲ, ಅಲ್ಲಿಗೆ ಅದು ತೀರಿಹೋಯಿತೇ, ಅಥವಾ ಈಗ ಅವರೂ ನಮ್ಮಿಂದ ಸಂಬಳ ಪಡೆದಂತಾಯಿತೇ? ನಮ್ಮ ಮನೆಗಳಲ್ಲಿ ಕಲಿಸಿದವನನ್ನು ಬರಿಗೈಯಲ್ಲಿ ಕಳಿಸುವುದೆಂದರೆ ಅವನನ್ನು ಅವಮಾನಿಸಿದಂತೆ. ಇಲ್ಲಿನವರು ಬಾಯಿ ತುಂಬ ಧನ್ಯವಾದ ಹೇಳಿ, ಕೈ ಕುಲುಕಿ, ಹಗುರಾಗಿ ಬಾಗಿಲು ಹಾಕಿಕೊಳ್ಳಬಲ್ಲರು. ಅದೂ ಒಂದು ಸುಖವೇ ಇರಬೇಕು. ಇನ್ನೂ ವಿಚಿತ್ರವೆಂದರೆ, ಸಂಘದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು "ಕನ್ನಡಿ ನೋಡಿ" ಎಂದರೆ ನಾನು ವಿಚಾರಣೆಗೆ ಅರ್ಹನಾದ ವ್ಯಕ್ತಿ, ಬಿಲ್ಲೆ ತೆಗೆದಿಟ್ಟು ಅದೇ ಮಾತನ್ನು ಅದೇ ಸೀಟಿನಲ್ಲಿ ಕೂತು ಹೇಳಿದರೆ ಬರೀ ಬಾಯಿಬಡುಕ ಪರಿಚಯಸ್ಥ. ಬಾಯಿಬಡುಕರಿಗೆ ಯಾವ ದೇಶದಲ್ಲೂ ಪ್ರಮಾಣಪತ್ರ ಕೇಳುವುದಿಲ್ಲ. ಆದರೂ ಸಭೆಯಲ್ಲಿ ತಲೆಯಾಡಿಸಿ ಬಂದಿದ್ದೆ. ಹಿಂಬಾಗಿಲಿನಿಂದ ಕೋಚ್ ಆಗಲು ಮನಸ್ಸು ಒಪ್ಪಲಿಲ್ಲ.

ಫೋನಿನಲ್ಲಿ ಸುವರ್ಣಾಗೆ ವಿಷಯ ತಿಳಿಸಿದೆ. ಆಗಲೇ ಡಿಸೆಂಬರು, ಜನವರಿಯ ಆ ಮೊದಲ ಸೋಮವಾರ ಹತ್ತಿರ ಬರುತ್ತಿತ್ತು. "ನನ್ನ ಕಾಲ ಮ್ಯಾಲೆ ನಾನಽ ಕಲ್ಲ ಹಾಕ್ಕೊಂಡಂಗಾತ್ರಿ ಸರ. ನಿಮಗ ಒಂದು ಶಾಲು ಹೊಚ್ಚಬೇಕಂತ ಎಷ್ಟ ಆಸೆಪಟ್ಟಿದ್ನಿ" ಎಂದರು. ದನಿ ಒಡೆದಿತ್ತು. ಬೇರೆ ಕೋಚನ್ನು ಹುಡುಕಿಕೊಡೋಣವೆಂದರೆ ಎಲ್ಲರ ಕೈಯೂ ಕಟ್ಟಿತ್ತು, ಡ್ರೈವಿಂಗ್ ಶಾಲೆಗಳಲ್ಲಿ ಜನವರಿಯ ಕೊನೆಯವರೆಗೆ ಸಮಯವಿರಲಿಲ್ಲ. ಕೆಲಸ ಹೋದರೆ ಮಗಳ ಶಾಲೆ, ಮನೆಯ ಬಾಡಿಗೆ, ಪರ್ಮಿಟ್ಟು ಎಲ್ಲವೂ ಒಂದರ ಹಿಂದೊಂದು ಅಲುಗಾಡುತ್ತವೆಂದು ಇಬ್ಬರಿಗೂ ಗೊತ್ತಿತ್ತು.

ಕ್ರಿಸ್‌ಮಸ್ ಕಳೆದ ಮೇಲಿನ ಶನಿವಾರ ಅವರೇ ಫೋನ್ ಮಾಡಿದರು. "ಜ್ವಾಳದ ಹಿಟ್ಟು ಮುಗದೈತ್ರಿ. ದ ಹೇಗ್‌ನ ಅಂಗಡಿಗೆ ಹೊಂಟೀವಿ. ಅಕ್ಕಾರನ್ನ ಕರ್ಕೊಂಡು ನೀವೂ ಬರ್ರಿ. ಕಲಿಸಾಕಲ್ರಿ, ಸುಮ್ನ ಬರ್ರಿ. ಹಿಟ್ಟ ತರಾಕ ಹೋಗೂದಕ್ಕ ಯಾವ ಕಾನೂನೂ ಅಡ್ಡ ಬರೂದಿಲ್ಲಲ್ರಿ?" ನಾನು ತಡವರಿಸುವಷ್ಟರಲ್ಲಿ ನಳಿನಿ ಒಪ್ಪಿಕೊಂಡಾಗಿತ್ತು. ಕಾರು ಬಂದಾಗ ಮಲ್ಲಿಕಾರ್ಜುನ ಇಳಿದು ಮುಂದಿನ ಸೀಟನ್ನು ನನಗೆ ಬಿಟ್ಟುಕೊಡಲು ನೋಡಿದರು. ನಾನು ಅವರನ್ನು ಅಲ್ಲೇ ಕೂರಿಸಿ ಹಿಂದೆ ಕೂತೆ. ನಳಿನಿ ಕೈಚೀಲದಿಂದ ಒಂದು ತುಂಡು ಶೇಂಗಾ ಚಿಕ್ಕಿ ತೆಗೆದು, "ಬಾಯಲ್ಲಿಟ್ಕೊಳ್ಳಿ. ಮಾತಾಡಕ್ಕೆ ಆಗಬಾರದು ನಿಮಗೆ" ಎಂದಳು. ಬೆಲ್ಲದ ಪಾಕ ಹಲ್ಲಿಗೆ ಅಂಟಿಕೊಂಡಿತು. ಸುವರ್ಣಾರ ಕಾರಿನಲ್ಲಿ ನನ್ನ ಬಾಯಿಗೆ ಸಿಕ್ಕ ಮೊದಲ ರಜೆ ಅದು.

ಹಿಂದಿನ ಸೀಟಿನಿಂದ ರಸ್ತೆ ಬೇರೆಯೇ ಆಗಿ ಕಾಣುತ್ತದೆ. ನನಗೆ ಕಾಣುತ್ತಿದ್ದದ್ದು ಸುವರ್ಣಾರ ಭುಜದ ಒಂದು ಚೂರು, ಬಿಗಿಯಾಗಿ ಹೆಣೆದ ಜಡೆ, ಸ್ಟೀರಿಂಗ್ ಹಿಡಿದ ಬೆರಳುಗಳು. ಮಲ್ಲಿಕಾರ್ಜುನ ಫೋನಿನಲ್ಲಿ ಯಾವುದೋ ಕ್ರಿಕೆಟ್ ಸುದ್ದಿ ಓದುತ್ತಿದ್ದರು. ಬೂದು ಆಕಾಶ, ತುಂತುರು, ಗಾಜು ಒರೆಸುವ ಕಡ್ಡಿ ಕಿರ್ರೆನ್ನುತ್ತಿತ್ತು. ಊರು ದಾಟಿ ಹೆದ್ದಾರಿಗೆ ಸೇರುವ ಓರೆದಾರಿ ಬಂತು. ಎಡಗಡೆ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನೀರು ಎರಚುತ್ತ ಹೋಗುತ್ತಿದ್ದವು. ಸುವರ್ಣಾ ವೇಗ ಏರಿಸಿದರು, ಕನ್ನಡಿ ನೋಡಿದರು, ಭುಜದ ಮೇಲಿಂದ ನೋಡಿದರು, ಒಂದು ಸಂದು ಕಂಡಿತು, ಕತ್ತು ಬಲಕ್ಕೆ ಸ್ವಲ್ಪ ವಾಲಿತು.

"ಹೋಗ್ಲೇನ್ರಿ?"

ಚಿಕ್ಕಿ ಕರಗಿ ಬಹಳ ಹೊತ್ತಾಗಿತ್ತು, ಬಾಯಿ ಖಾಲಿಯಿತ್ತು. ಗೆಳೆಯನಾಗಿ ಹಿಂದಿನಿಂದ ಒಂದು ಮಾತು ಹೇಳಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. "ಹೋಗಿ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆಗ ನನಗೆ ಮುಂದಿನ ಸೋಮವಾರ ಕಾಣಿಸಿತು. ಇದೇ ಓರೆದಾರಿ, ಬೆಳಕು ಹರಿಯದ ಬೆಳಗು, ಇವರ ಪಕ್ಕದ ಸೀಟು ಖಾಲಿ. ಅಲ್ಲಿ "ಹೋಗಿ" ಎನ್ನುವವರು ಯಾರು? ಇಷ್ಟು ಶನಿವಾರ ನಾನು ಇವರಿಗೆ ಎಲ್ಲವನ್ನೂ ಕಲಿಸಿ, ಆ ಒಂದು ಅಪ್ಪಣೆಯನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಹಲ್ಲು ಕಚ್ಚಿ ಕೂತೆ. ನಳಿನಿಯ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಪ್ರಶ್ನೆ ತನಗೆಂದು ತಿಳಿದ ಮಲ್ಲಿಕಾರ್ಜುನ ಫೋನಿನಿಂದ ತಲೆಯೆತ್ತದೆ, "ನನಗೇನ ಕೇಳ್ತಿ? ಗಾಡಿ ಹೊಡ್ಯಾಕಿ ನೀನು" ಎಂದರು.

ಕಾರು ಹೋಯಿತು. ಎರಡು ಲಾರಿಗಳ ನಡುವೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎನ್ನುವ ವೇಗದಲ್ಲಿ, ನಾನು ಹೇಳಿದ್ದರೆ ಹೋಗುತ್ತಿದ್ದುದಕ್ಕಿಂತ ನಯವಾಗಿ ಹೋಗಿ ಸೇರಿತು. ದ ಹೇಗ್ ಬರುವವರೆಗೆ ಸುವರ್ಣಾ ಮತ್ತೆ ಯಾರನ್ನೂ ಏನನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಹಿಟ್ಟಿನ ಚೀಲ ಎತ್ತಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಅಲ್ರಿ ಸರ, ಒಂದು ಮಾತೂ ಅನಲಿಲ್ಲಲ್ರಿ ನೀವು?" ಎಂದರು. ನಾನು ಹಿಟ್ಟಿಗೆ ಬಂದವನೆಂದೆ. ನಕ್ಕುಬಿಟ್ಟರು.

ಅವತ್ತಿನಿಂದ ನನ್ನ ತಲೆಗೆ ಹೊಕ್ಕ ಹುಳ ಇನ್ನೂ ಹೊರಗೆ ಹೋಗಿಲ್ಲ. ಸಭೆಯಲ್ಲಿ ಎಲ್ಲರೂ ನನ್ನ ಶಾಲಿನ ಬೆಲೆ, ಪೇಟದ ಬೆಲೆ ಕೇಳಿದರು. ಕೇಳಬೇಕಾದದ್ದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ. ಕಚೇರಿಯ ಸಭೆಗಳಲ್ಲಿ ನಾನು ಬಾಯಿ ತೆರೆದರೆ ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನನ್ನ ಡಚ್ಚು ನಿಧಾನ, ನನ್ನ ಹೆಸರು ಅವರಿಗೆ ಉದ್ದ, ನಾನು ಹುಡುಕಿಕೊಟ್ಟ ತಪ್ಪನ್ನು ತಿದ್ದಿದವನಿಗೆ ಮೆಚ್ಚುಗೆ ಸಿಗುತ್ತದೆ. ಮನೆಯಲ್ಲಿ ಮಗ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಉತ್ತರಿಸಿ, ಮತ್ತೆ ದೂರದ ಗ್ರೋನಿಂಗನ್ ಊರಿನ ಕಾಲೇಜಿಗೆ ಹೊರಟುಹೋಗುತ್ತಾನೆ. ವಾರಕ್ಕೊಂದು ಸಲ, ಪಕ್ಕದ ಸೀಟಿನಲ್ಲಿ ಮಾತ್ರ, ಬಹಳ ಓದಿದ ಒಬ್ಬ ಹೆಣ್ಣುಮಗಳು ನನ್ನ ಒಂದು ಮಾತಿಗಾಗಿ ಕಾಯುತ್ತಿದ್ದರು. ನಾನು "ಹೋಗಿ" ಎಂದರೆ ಈ ದೇಶದಲ್ಲಿ ಏನೋ ಒಂದು ಚಲಿಸುತ್ತಿತ್ತು. ಇದಕ್ಕಿಂತ ದೊಡ್ಡ ಸಂಬಳ ಯಾವ ಡ್ರೈವಿಂಗ್ ಮೇಷ್ಟ್ರಿಗೆ ಸಿಗುತ್ತದೆ? ಅದನ್ನು ನಾನು ಒಂದು ವಾರವೂ ಬಿಡದೆ ಪಡೆದಿದ್ದೆ. ಪಡೆಯುತ್ತಿದ್ದವನಿಗೆ ಕಲಿಯುವವರು ಬೇಗ ಕಲಿತುಬಿಡಲೆಂಬ ಅವಸರ ಎಲ್ಲಿಂದ ಬರಬೇಕು? ಆ ವಕೀಲೆಯ ಮುಂದೆ ಮತ್ತೊಮ್ಮೆ ಕೂರಿಸಿದರೆ, ಹೌದು ತಾಯಿ, ನಾನು ಪ್ರತಿಫಲ ಪಡೆದವನೇ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದು ಅವರ ಕಾನೂನಿನೊಳಗೆ ಬರುತ್ತದೋ ಇಲ್ಲವೋ, ಹೆಂಕ್ ಇನ್ನೂ ಯಾರನ್ನೋ ಕೇಳುತ್ತಲೇ ಇದ್ದಾರೆ.

ಆ ಸೋಮವಾರ ಬೆಳಿಗ್ಗೆ ಕಿಟಕಿಯ ಆಚೆ ಕತ್ತಲೆಯೇ ಇತ್ತು. ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ನಾನು, ಈಗ ಹೊರಟಿರಬೇಕು, ಈಗ ಓರೆದಾರಿ, ಈಗ ದೊಡ್ಡ ಜಂಕ್ಷನ್ನು ಎನ್ನುತ್ತಿದ್ದೆ. "ತಿಂಡಿ ತಿನ್ರೀ, ಆರೋಗ್ತಿದೆ" ಎಂದು ನಳಿನಿ ಹೇಳಿದಳು, ಆದರೆ ಅವಳ ಕಣ್ಣೂ ನನ್ನ ಫೋನಿನ ಮೇಲೆಯೇ ಇತ್ತು. ಕಚೇರಿಯ ಮೀಟಿಂಗು ಲ್ಯಾಪ್‌ಟಾಪಿನಲ್ಲಿ ಶುರುವಾಗಿ ಯಾರೋ ಏನೋ ಹೇಳುತ್ತಿದ್ದರು, ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಕಿಟಕಿ ಬೆಳ್ಳಗಾಗುವ ಹೊತ್ತಿಗೆ ಫೋನು ಸಣ್ಣಗೆ ಸದ್ದು ಮಾಡಿತು. "ಮುಟ್ಟಿದೆ ರೀ ಸರ. ಗಾಜಿನ ಮನಿ ಮುಂದ ನಿಂತೀನಿ." ಅಷ್ಟೇ ಇತ್ತು. ಸಂಜೆ ವಾಪಸು ಬರುವಾಗ ಬೇಗ ಕತ್ತಲೆ, ಮಂಜು, ಲಾರಿಗಳು ಎಂದು ಉದ್ದಕ್ಕೆ ಬರೆಯಲು ಹೊರಟು ಎಲ್ಲವನ್ನೂ ಅಳಿಸಿ, "ಸಂತೋಷ" ಎಂದಷ್ಟೇ ಕಳಿಸಿದೆ. ಸಂತೋಷವೇ ಆಗಿತ್ತು, ಕಣ್ಣು ಮಂಜಾಗುವಷ್ಟು.

"ಅವರ ಕೆಲಸ ಉಳೀತು ಕಣೇ" ಎಂದೆ.

"ಮತ್ಯಾಕೆ ಮುಖ ಇಷ್ಟು ಸಣ್ಣ ಮಾಡ್ಕೊಂಡು ಕೂತಿದ್ದೀರಿ?" ಎಂದಳು ನಳಿನಿ.

"ನನ್ನದು ಹೋಯ್ತಲ್ಲ."